ಗಾಯಕ ಮೈಕಿಂದ ದೂರ ಹೋದಾಗ

ಪ್ರಶ್ನೆ: ಅಮೆರಿಕದಲ್ಲಿರುವ ಮಗ ನನಗೊಂದು ಹಳೇ ಒಪೆರಾ (ಹಾಡಿನಲ್ಲೇ ನಡೆಯುವ ಪಾಶ್ಚಾತ್ಯ ನಾಟಕ) ಪ್ರಸಾರದ ಧ್ವನಿಮುದ್ರಣ ಕಳಿಸಿದ್ದಾನೆ. 1930ರ ದಶಕದ್ದು, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಿಂದ ರೇಡಿಯೋದಲ್ಲಿ ನೇರವಾಗಿ ಬಂದ ವಾಗ್ನರ್‌ನ ‘ಸೀಗ್‌ಫ್ರೀಡ್’. ಹಾಡಿರುವುದು ಲಾರಿಟ್ಸ್ ಮೆಲ್ಕಿಯರ್. ಅವರ ದನಿ ಒಮ್ಮೆ ಕಿವಿ ಪಕ್ಕದಲ್ಲೇ ಇದ್ದ ಹಾಗೆ ಕೇಳುತ್ತದೆ, ಮರುಕ್ಷಣ ಬಾವಿಯೊಳಗೆ ಇಳಿದ ಹಾಗಾಗುತ್ತದೆ. ನಡುನಡುವೆ ಇನ್ಯಾರೋ ಮಾತಾಡುವ ಸದ್ದು ಬೇರೆ. ಅವರದೇ ಆ ಕಾಲದ ಗ್ರಾಮಫೋನ್ ಪ್ಲೇಟು ಇದಕ್ಕಿಂತ ಎಷ್ಟೋ ಸ್ವಚ್ಛವಾಗಿದೆ. ರೇಡಿಯೋದವರ ಮೈಕು ಅಷ್ಟು ಕಳಪೆಯಾಗಿತ್ತೇ?
— ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಇಲ್ಲ ಮೇಷ್ಟ್ರೇ, ಮೈಕಿನ ಮೇಲೆ ತಪ್ಪು ಹೊರಿಸಬೇಡಿ. 1930ರ ದಶಕದ ಒಳ್ಳೇ ಮೈಕು ನಿಜವಾಗಲೂ ಒಳ್ಳೇದೇ. ಅದನ್ನು ಎಲ್ಲಿ ಇಡೋಕೆ ಬಿಟ್ಟರು ಅನ್ನೋದರಲ್ಲೇ ಅರ್ಧ ಉತ್ತರ ಇದೆ. ನಾನು ಮೂವತ್ತು ವರ್ಷ ರೇಡಿಯೋಗೆ ಊರೂರು ಸುತ್ತಿ ಧ್ವನಿಮುದ್ರಣ ಮಾಡಿದವನು. ಹೊಸ ಮೈಕು ಕೊಡಿ ಅಂತ ಕೇಳಿದ್ದು ಕಮ್ಮಿ. ಮೈಕು ಇಡೋಕೆ ಒಂದಿಷ್ಟು ಜಾಗ ಕೊಡಿ ಅಂತ ಬೇಡಿಕೊಂಡಿದ್ದೇ ಜಾಸ್ತಿ.

ಗ್ರಾಮಫೋನ್ ಪ್ಲೇಟು ಹೇಗೆ ತಯಾರಾಗುತ್ತಿತ್ತು ನೋಡಿ. ಗಾಯಕ ಮೈಕಿನ ಎದುರು ನಿಂತ ಜಾಗ ಬಿಟ್ಟು ಕದಲುವುದಿಲ್ಲ. ವಾದ್ಯದವರನ್ನು ಮೈಕಿಗೆ ತಕ್ಕ ಹಾಗೆ ಹಿಂದೆ ಮುಂದೆ ಕೂರಿಸುತ್ತಾರೆ. ಒಂದು ಮಗ್ಗುಲಿಗೆ ನಾಲ್ಕು, ನಾಲ್ಕೂವರೆ ನಿಮಿಷದ ಹಾಡು ಅಷ್ಟೇ. ಕೆಮ್ಮು ಬಂದರೆ ಇನ್ನೊಂದು ಸಲ ಹಾಡಬಹುದು. ಅಲ್ಲಿ ಎಲ್ಲವೂ ಮೈಕಿಗಾಗಿ ನಡೆಯುತ್ತಿತ್ತು.

ಒಪೆರಾ ಮನೆಯಲ್ಲಿ ಮೈಕು ಕರೆಯದೇ ಬಂದ ನೆಂಟ. ಜನ ದುಡ್ಡು ಕೊಟ್ಟು ಟಿಕೆಟ್ ತಗೊಂಡು ಕೂತಿದ್ದಾರೆ, ಅವರ ಕಣ್ಣಿಗೆ ಅಡ್ಡ ನಿಲ್ಲುವ ಹಾಗಿಲ್ಲ. ಗಾಯಕರಿಗೂ ಮೈಕಿನ ಪರಿವೆ ಇಲ್ಲ. ನಮ್ಮ ಕಂಪನಿ ನಾಟಕದವರು ಮೈಕಿಲ್ಲದ ಕಾಲದಲ್ಲಿ ಕೊನೇ ಬೆಂಚಿಗೆ ಕೇಳುವ ಹಾಗೆ ಕಂದಪದ್ಯ ಎತ್ತುತ್ತಿದ್ದರಲ್ಲ, ಹಾಗೆ ಅವರು ಗ್ಯಾಲರಿಗೆ ಹಾಡುತ್ತಾರೆ. ಹಾಡುತ್ತಾ ನಡೆಯುತ್ತಾರೆ, ತಿರುಗುತ್ತಾರೆ, ಮಂಡಿ ಊರುತ್ತಾರೆ. ‘ಸೀಗ್‌ಫ್ರೀಡ್’ ಮೊದಲ ಅಂಕದಲ್ಲಂತೂ ನಾಯಕ ಕುಲುಮೆ ಮುಂದೆ ನಿಂತು ಕತ್ತಿ ಬಡಿಯುತ್ತಾ ಹಾಡಬೇಕು. ಒಮ್ಮೆ ತಿದಿ ಹತ್ತಿರ, ಒಮ್ಮೆ ಅಡಿಗಲ್ಲಿನ ಹತ್ತಿರ. ಅವರಿಗೂ ಜನರಿಗೂ ನಡುವೆ, ರಂಗದ ಕೆಳಗಿನ ಗುಂಡಿಯಲ್ಲಿ, ಇಡೀ ವಾದ್ಯಮೇಳ ಕೂತಿರುತ್ತದೆ. ಮೈಕಿಗೆ ಸಾಮಾನ್ಯವಾಗಿ ಉಳಿಯುತ್ತಿದ್ದ ಜಾಗ ರಂಗದ ಅಂಚಿನ ಸಾಲುದೀಪಗಳ ನಡುವೆ. ಅಲ್ಲಿಂದ ಮೇಲಕ್ಕೆ ಗಾಯಕನ ಮುಖ, ಹಿಂದಕ್ಕೆ ಪಿಟೀಲು, ತುತ್ತೂರಿ, ನಗಾರಿ. ಎಲ್ಲ ಕಡೆಯ ಸದ್ದನ್ನೂ ಸಮನಾಗಿ ಎಳೆದುಕೊಳ್ಳುವ ಮೈಕು ಅಲ್ಲಿ ಏನು ತಾನೇ ಮಾಡೀತು?

ಬಾವಿಯೊಳಗೆ ಇಳಿದ ಹಾಗೆ ಅಂತ ಬರೆದಿದ್ದೀರಲ್ಲ, ಆ ಮಾತು ತುಂಬಾ ಸರಿಯಾಗಿದೆ. ಆದರೆ ಹಾಗಾಗುವುದಕ್ಕೆ ಮೂರು ಕಾರಣ ಇರಬಹುದು. ಯಾವುದು ಅಂತ ಕಿವಿಯಲ್ಲೇ ಕಂಡುಹಿಡಿಯಬಹುದು.

ಗಾಯಕನ ದನಿ ಸಣ್ಣಗಾಗಿ ಸುತ್ತ ಗುಂಯ್‌ಗುಡುವುದು ಜಾಸ್ತಿಯಾಗಿ, ವಾದ್ಯ ಮಾತ್ರ ಇದ್ದ ಹಾಗೇ ಇದ್ದರೆ, ಅವರು ಹಿಂದಕ್ಕೆ ನಡೆದಿದ್ದಾರೆ. ಬಾಯಿಂದ ಮೈಕಿಗೆ ನೇರವಾಗಿ ಬರುವ ಸದ್ದು ದೂರ ಎರಡರಷ್ಟಾದಾಗ ಸುಮಾರು 6 ಡೆಸಿಬೆಲ್ (ಸದ್ದು ಎಷ್ಟು ಜೋರು ಅನ್ನುವ ಅಳತೆ) ಇಳಿಯುತ್ತದೆ. ಗೋಡೆಗೆ ಬಡಿದು ಬರುವ ಸದ್ದು ಮಾತ್ರ ಅಷ್ಟೇ ಇರುತ್ತದೆ. ಅದೇ ನಿಮ್ಮ ಬಾವಿ. ಮನೆಯಲ್ಲೇ ಮಾಡಿ ನೋಡಿ. ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಹಜಾರದ ನಡುವೆ ಮೇಜಿನ ಮೇಲಿಡಿ. ಯಾರಾದರೂ ಒಂದೇ ದನಿಯಲ್ಲಿ ಹಾಡುತ್ತಾ ಬಾಗಿಲ ತನಕ ಹೋಗಿ ವಾಪಸು ಬರಲಿ. ಎದುರಿಗೆ ಕೂತು ಕೇಳಿದಾಗ ಅಂಥ ವ್ಯತ್ಯಾಸ ಗೊತ್ತಾಗುವುದಿಲ್ಲ, ಯಾಕೆಂದರೆ ಕಣ್ಣು ಹಾಡುವವರ ಜೊತೆಗೇ ಹೋಗುತ್ತದೆ. ಮತ್ತೆ ಹಾಕಿ ಕೇಳಿದಾಗ ಗಾಬರಿಯಾಗುವಷ್ಟು ವ್ಯತ್ಯಾಸ ಇರುತ್ತದೆ.

ಗಾಯಕನ ಜೊತೆ ವಾದ್ಯವೂ ಕುಗ್ಗಿದರೆ, ಅದು ಎಂಜಿನಿಯರ್ ಕೈ. ಒಪೆರಾದಲ್ಲಿ ಅತಿ ಮೆಲ್ಲನೆಯ ಸದ್ದಿಗೂ ಅತಿ ಜೋರಿಗೂ 60 ಡೆಸಿಬೆಲ್‌ಗಿಂತ ಜಾಸ್ತಿ ಅಂತರ ಇರಬಹುದು. ಆಗಿನ ಪ್ರಸಾರ ಅಷ್ಟನ್ನು ಹೊರುತ್ತಿರಲಿಲ್ಲ. ಮೆಲ್ಲನೆಯದು ಗೊರಗೊರದಲ್ಲಿ ಮುಳುಗುತ್ತದೆ, ಜೋರಾದದ್ದು ಟ್ರಾನ್ಸ್‌ಮಿಟರಿನಲ್ಲಿ ಒಡೆಯುತ್ತದೆ. ಹಾಗಾಗಿ ಒಬ್ಬರು ಸದ್ದು ಏರಿಸಿ ಇಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಕೂತೇ ಇರಬೇಕು. ತುತ್ತೂರಿ ಏರುವ ಮೊದಲೇ ಇಳಿಸಬೇಕು. ಏರಿದ ಮೇಲೆ ಇಳಿಸಿದರೆ ತಡವಾಯ್ತು. ಇದಕ್ಕೆ ಸಂಗೀತದ ಬರಹ ಓದೋಕೆ ಬರುವವರು ಪುಟ ತಿರುಗಿಸುತ್ತಾ, ಮುಂದೆ ಏನು ಬರುತ್ತದೆ ಅಂತ ಹೇಳುತ್ತಾ ಹೋಗಬೇಕಿತ್ತು. ಈ ಕೆಲಸ ಮಾಡಿದವರ ಬಗ್ಗೆ ನನಗೆ ತುಂಬಾ ಗೌರವ. ಅವರ ಹೆಸರು ಯಾವ ಪ್ಲೇಟಿನ ಮೇಲೂ ಇಲ್ಲ, ಆದರೆ ನೀವು ಕೇಳುತ್ತಿರುವ ಏರಿಳಿತದಲ್ಲಿ ಅರ್ಧ ಅವರದೇ.

ಮೂರನೆಯದು, ದನಿ ದೂರ ಹೋಗದೆ ಸುಮ್ನೆ ಮಂಕಾಗುತ್ತಾ ಬಂದು, ಸುಮಾರು ಕಾಲು ಗಂಟೆಗೊಮ್ಮೆ ಥಟ್ಟನೆ ಚುರುಕಾದರೆ, ಅದು ಡಿಸ್ಕ್ ಬದಲಾದ ಜಾಗ. ಆಗ ಟೇಪ್ ಇರಲಿಲ್ಲ. ಅಲ್ಯೂಮಿನಿಯಂ ತಟ್ಟೆಗೆ ಮೆರುಗೆಣ್ಣೆ ಬಳಿದು, ಅದರ ಮೇಲೆ ನೇರವಾಗಿ ಗೀರುತ್ತಿದ್ದರು. 16 ಇಂಚಿನ ತಟ್ಟೆ, ನಿಮಿಷಕ್ಕೆ 33⅓ ಸುತ್ತು, ಒಂದು ಮಗ್ಗುಲಿಗೆ ಹದಿನೈದು ನಿಮಿಷ. ಗೀರು ತಟ್ಟೆಯ ಒಳಸುತ್ತಿಗೆ ಬಂದ ಹಾಗೆ ಒಂದು ಸೆಕೆಂಡಿಗೆ ಸಿಗುವ ಜಾಗ ಕಮ್ಮಿ, ಅದಕ್ಕೆ ಮೇಲಿನ ಕಂಪನಗಳು ಸವೆಯುತ್ತವೆ. ಚರಚರ ಅನ್ನುವ ಸದ್ದೂ ಹೆಚ್ಚಾಗಿ ತಟ್ಟೆಯದ್ದು.

ಇನ್ನು ಆ ‘ಇನ್ಯಾರೋ’. ಅವರು ಪ್ರಾಂಪ್ಟರ್. ನಮ್ಮಲ್ಲಿ ಪ್ರಾಂಪ್ಟರ್ ಸೈಡ್‌ವಿಂಗಿನಲ್ಲಿ ನಿಲ್ಲುತ್ತಾರೆ. ಒಪೆರಾದಲ್ಲಿ ರಂಗದ ಮುಂಭಾಗದಲ್ಲಿ, ಸರಿಯಾಗಿ ನಡುವೆ, ಅವರಿಗೊಂದು ಗೂಡಿದೆ. ತಲೆ ಮಾತ್ರ ರಂಗದ ಮಟ್ಟಕ್ಕೆ ಬರುತ್ತದೆ. ಜನರಿಗೆ ಕಾಣುವುದಿಲ್ಲ. ಪ್ರತಿ ಸಾಲಿನ ಮೊದಲ ಪದವನ್ನು ಗಾಯಕನಿಗಿಂತ ಒಂದು ಗಳಿಗೆ ಮುಂಚೆ ಎಸೆಯಬೇಕು, ಅದೂ ವಾದ್ಯದ ಗದ್ದಲ ಮೀರಿ. ಸಾಲುದೀಪದಲ್ಲಿ ಮೈಕು ಇಟ್ಟರೆ ಎಲ್ಲರಿಗಿಂತ ಹತ್ತಿರ ಇರುವವರು ಅವರೇ! ಸಭೆಯಲ್ಲಿ ಕೂತ ಯಾರಿಗೂ ಕೇಳದ ದನಿ ಸಾವಿರಾರು ಮೈಲಿ ಆಚೆ ಮನೆಮನೆಗೆ ಕೇಳಿತು. ನನಗೆ ಆ ದನಿ ತೊಂದರೆ ಅನ್ನಿಸುವುದೇ ಇಲ್ಲ. ಅದನ್ನು ಕೇಳಿದಾಗೆಲ್ಲ ಮೈಕು ಎಲ್ಲಿತ್ತು ಅಂತ ಗೊತ್ತಾಗುತ್ತದೆ, ರಂಗ ಕಣ್ಣಿಗೆ ಕಟ್ಟುತ್ತದೆ.

ಪ್ರಶ್ನೆ: ಒಪೆರಾವನ್ನು ರೇಡಿಯೋದಲ್ಲಿ ಮೊದಲು ಕೇಳಿಸಿದ್ದು ಯಾರು? ಒಂದು ಕಡೆ ನ್ಯೂಯಾರ್ಕ್ 1910 ಅಂತ ಓದಿದೆ, ಇನ್ನೊಂದು ಕಡೆ ಬ್ಯೂನಸ್ ಐರಿಸ್ 1920 ಅಂತಿತ್ತು. ಆಗ ಅವರ ಹತ್ತಿರ ಎಂಥ ಮೈಕು ಇತ್ತು?
— ಓದುಗರು, ಮೈಸೂರು

ಉತ್ತರ: ಎರಡೂ ನಿಜ. 1910ರ ಜನವರಿ 13ರಂದು ಅಮೆರಿಕದ ಸಂಶೋಧಕ ಲೀ ಡಿ ಫಾರೆಸ್ಟ್ ಮೆಟ್ರೊಪಾಲಿಟನ್‌ನಿಂದ ‘ಕವಲ್ಲೇರಿಯಾ ರುಸ್ತಿಕಾನಾ’ ಮತ್ತು ‘ಪಾಲ್ಯಾಚಿ’ ಪ್ರಸಾರ ಮಾಡಿದರು. ಪಾಲ್ಯಾಚಿಯಲ್ಲಿ ಹಾಡಿದವರು ಆ ಕಾಲದ ಹೆಸರಾಂತ ಗಾಯಕ ಎನ್ರಿಕೊ ಕರೂಸೊ. ಚಾವಣಿ ಮೇಲೆ ಮೀನಿನ ಗಾಳದ ಕೋಲಿಗೆ ಏರಿಯಲ್ ಕಟ್ಟಿದ್ದರು. ಕೇಳಿದವರು ಒಂದಿಷ್ಟು ಪತ್ರಕರ್ತರು, ಬಂದರಿನ ಹಡಗುಗಳ ಆಪರೇಟರುಗಳು. ಅವರಿಗೂ ಬಿಡಿಬಿಡಿಯಾಗಿ ಕೇಳಿತು, ಅಷ್ಟೇ. ಟ್ರಾನ್ಸ್‌ಮಿಟರ್ ವಿದ್ಯುತ್ ಕಿಡಿಯ ಕಮಾನಿನದ್ದು, ಅದೇ ಸದಾ ಬುಸುಗುಡುವಂಥದ್ದು. ಮೈಕಿನ ಸಣ್ಣ ಸದ್ದನ್ನು ಹಿಗ್ಗಿಸುವ ಆಂಪ್ಲಿಫೈಯರ್ ಆಗಿನ್ನೂ ಬಂದೇ ಇರಲಿಲ್ಲ. ಕರೂಸೊ ಅಂಥ ಗಂಟಲನ್ನೂ ಆ ದಾರಿ ಹೊರಲಿಲ್ಲ.

ನನ್ನ ಮನಸ್ಸು ಹೆಚ್ಚು ನಿಲ್ಲುವುದು ಬ್ಯೂನಸ್ ಐರಿಸ್‌ನಲ್ಲಿ. 1920ರ ಆಗಸ್ಟ್ 27. ಕೊಲಿಸಿಯೊ ಥಿಯೇಟರ್. ವಾಗ್ನರ್‌ನ ‘ಪಾರ್ಸಿಫಲ್’, ವಾದ್ಯಮೇಳ ನಡೆಸಿದವರು ಫೆಲಿಕ್ಸ್ ವೈನ್‌ಗಾರ್ಟ್ನರ್. ಚಾವಣಿ ಹತ್ತಿ ಕೂತವರು ಎನ್ರಿಕೆ ಸುಸಿನಿ, ಸೀಸರ್ ಗೆರಿಕೊ, ಲೂಯಿಸ್ ರೊಮೆರೊ ಕರಾನ್ಸಾ, ಮಿಗೆಲ್ ಮುಹಿಕಾ. ಊರಿನವರು ಇವರಿಗೆ ‘ತಾರಸಿಯ ಹುಚ್ಚರು’ ಅಂತಲೇ ಹೆಸರಿಟ್ಟರು. ಅವರ ಟ್ರಾನ್ಸ್‌ಮಿಟರ್ ಬರೀ 5 ವಾಟ್. ಇವತ್ತು ನಮ್ಮ ಮನೆಯ ಸಣ್ಣ ಎಲ್‌ಇಡಿ ಬಲ್ಬು ಅಷ್ಟು ತಿನ್ನುತ್ತದೆ.

ಮೈಕು ಎಂಥದ್ದು ಗೊತ್ತೇ? ಕಿವಿ ಮಂದ ಇದ್ದವರಿಗಾಗಿ ಮಾಡಿದ ಸಾಧನದ್ದು. ಡಿ ಫಾರೆಸ್ಟ್ ಬಳಸಿದ್ದೂ ಅದೇ ಜಾತಿಯದು, ‘ಅಕೂಸ್ಟಿಕಾನ್’ ಅಂತ. ಯೋಚನೆ ಮಾಡಿದರೆ ಇದರಲ್ಲಿ ಆಶ್ಚರ್ಯ ಇಲ್ಲ. ಟೆಲಿಫೋನಿನ ಮೈಕು ಬಾಯಿ ಹತ್ತಿರ ಹಿಡಿದು ಮಾತಾಡೋಕೆ ಮಾಡಿದ್ದು. ಕಿವಿ ಕೇಳದವರ ಸಾಧನ ಮಾತ್ರ ಕೋಣೆಯ ಆಚೆ ತುದಿಯ ಮಾತನ್ನೂ ಎಳೆದುಕೊಳ್ಳಬೇಕು. ದೂರದ ದನಿ ಹಿಡಿಯೋಕೆ ಅಂತಲೇ ಹುಟ್ಟಿದ ಮೈಕು ಆಗ ಅದೊಂದೇ ಇತ್ತು ಅನ್ನಬಹುದು.

ಪಾರ್ಸಿಫಲ್ ಶುರುವಾಗುವುದು ಹೇಗೆ ಅಂತ ಕೇಳಿದವರಿಗೆ ಗೊತ್ತು. ತಾಳವೇ ಇಲ್ಲವೇನೋ ಅನ್ನುವ ಹಾಗೆ ಒಂದೇ ಒಂದು ರಾಗದ ಎಳೆ, ತುಂಬಾ ಮೆಲ್ಲಗೆ, ಕೆಳಗಿಂದ ಏಳುತ್ತದೆ. ಜೊತೆಗೆ ಬೇರೆ ಯಾವ ಆಸರೆಯೂ ಇಲ್ಲ. ರೇಡಿಯೋಗೆ ಇದಕ್ಕಿಂತ ಕಷ್ಟದ ಆರಂಭ ಇಲ್ಲ. ಆ ಊರಲ್ಲಿ ಅಂದು ಕೇಳುವ ಪೆಟ್ಟಿಗೆ ಇದ್ದದ್ದು ಇಪ್ಪತ್ತರ ಆಸುಪಾಸು. ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು ಕೂತವರಿಗೆ ಆ ಎಳೆ, ಮೈಕಿನೊಳಗಿನ ಕಾರ್ಬನ್ (ಇದ್ದಿಲು) ಹರಳಿನ ಸುಯ್‌ಗುಟ್ಟುವಿಕೆಯ ಹಿಂದಿನಿಂದ ಬಂತು. ಆಗಸ್ಟ್ 27ನ್ನು ಅರ್ಜೆಂಟೀನಾದವರು ಈಗಲೂ ರೇಡಿಯೋ ದಿನ ಅಂತ ಆಚರಿಸುತ್ತಾರೆ.

ಆಮೇಲೆ ಬೇಗ ಬೇಗ ಹಬ್ಬಿತು. 1921ರ ನವೆಂಬರಿನಲ್ಲಿ ಷಿಕಾಗೋದ ಕೆವೈಡಬ್ಲ್ಯು ಕೇಂದ್ರ ಶುರುವಾದದ್ದೇ ಒಪೆರಾದಿಂದ. 1923ರ ಜನವರಿ 8ರಂದು ಬಿಬಿಸಿ ಲಂಡನ್ನಿನ ಕಾವೆಂಟ್ ಗಾರ್ಡನ್‌ನಿಂದ ‘ದಿ ಮ್ಯಾಜಿಕ್ ಫ್ಲೂಟ್’ ಕೇಳಿಸಿತು. ಮೆಟ್ರೊಪಾಲಿಟನ್‌ನವರು ಮಾತ್ರ ತಡ ಮಾಡಿದರು. ಅಲ್ಲಿನ ಮುಖ್ಯಸ್ಥ ಗಾಟಿ ಕಸಾಜಾ ಅವರಿಗೆ ರೇಡಿಯೋ ದನಿಯ ಮೇಲೆ ನಂಬಿಕೆ ಇರಲಿಲ್ಲ. ಅಮೆರಿಕದ ರೇಡಿಯೋ ಕಂಪನಿ ಎನ್‌ಬಿಸಿಯವರು ತಂತಿಯಲ್ಲಿ ಪ್ರಯೋಗ ಮಾಡಿ ಕೇಳಿಸಿದ ಮೇಲೆ ಒಪ್ಪಿದರು. 1931ರ ಕ್ರಿಸ್‌ಮಸ್ ದಿನ ‘ಹ್ಯಾನ್ಸೆಲ್ ಅಂಡ್ ಗ್ರೆಟೆಲ್’ ಬಂತು. ಅವತ್ತು ಹಾಡಿನ ಮೇಲೇ ವಿವರಣೆ ಹೇಳಿಸಿದ್ದರು, ಕೇಳುಗರು ಬೇಡ ಅಂದುಬಿಟ್ಟರು. ಸರಿಯಾಗೇ ಹೇಳಿದರು.

ರೇಡಿಯೋಗಿಂತ ಹಳೇದೊಂದು ಇದೆ, ಅದನ್ನು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. 1881ರಲ್ಲಿ ಪ್ಯಾರಿಸ್‌ನಲ್ಲಿ ವಿದ್ಯುತ್ ಪ್ರದರ್ಶನ ನಡೆಯಿತು. ಕ್ಲೆಮಾಂ ಅಡೇರ್ ಅನ್ನುವವರು ಒಪೆರಾ ರಂಗದ ಅಂಚಿಗೆ ಕಾರ್ಬನ್ ಮೈಕುಗಳನ್ನು ಸಾಲಾಗಿ ಇಟ್ಟು, ಟೆಲಿಫೋನ್ ತಂತಿಯಲ್ಲಿ ಪ್ರದರ್ಶನದ ಕೋಣೆಗೆ ಹಾಡು ತಂದರು. ಎಡಗಿವಿಗೆ ಒಂದು ಮೈಕು, ಬಲಗಿವಿಗೆ ಇನ್ನೊಂದು. ಗಾಯಕಿ ರಂಗದ ಮೇಲೆ ಅತ್ತಿಂದಿತ್ತ ನಡೆದದ್ದು ಕೇಳುವವರಿಗೆ ಗೊತ್ತಾಯಿತು! ಕುಣಿಯುವವರ ಕಾಲಿನ ಧಡಧಡ ಮೈಕಿಗೆ ಹತ್ತಬಾರದು ಅಂತ ಅವರು ಒಂದೊಂದು ಮೈಕನ್ನೂ ಸೀಸದ ದಿಮ್ಮಿಯ ಮೇಲೆ ಕೂರಿಸಿ, ಕೆಳಗೆ ರಬ್ಬರ್ ಕೊಟ್ಟಿದ್ದರು.

ಇದನ್ನು ಮೊದಲು ಓದಿದಾಗ ನಾನು ಪುಸ್ತಕ ಮಡಿಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಕರಾವಳಿಯ ಒಂದು ಊರಿನಲ್ಲಿ ಹಲಗೆ ರಂಗದ ಮೇಲೆ ಯಕ್ಷಗಾನ ಮುದ್ರಿಸಿದ್ದೆ. ಬಣ್ಣದ ವೇಷ ಪ್ರವೇಶ ಮಾಡಿದ ಕೂಡಲೇ ಮೀಟರಿನ ಮುಳ್ಳು ಕೊನೆಗೆ ಹೊಡೆಯಿತು. ಭಾಗವತರ ಪದ ಇಲ್ಲ, ಚೆಂಡೆ ಇಲ್ಲ, ಬರೀ ಹಲಗೆ. ಜೊತೆಗಿದ್ದ ಸಹಾಯಕ ತನ್ನ ಹವಾಯಿ ಚಪ್ಪಲಿ ಬಿಚ್ಚಿ ಕೊಟ್ಟ, ನಾನೂ ಬಿಚ್ಚಿದೆ. ಸ್ಟ್ಯಾಂಡಿನ ಮೂರು ಕಾಲಿಗೆ ಮೂರು ಚಪ್ಪಲಿ. ಮುಳ್ಳು ಇಳಿಯಿತು, ಪದ ಬಂತು. ಪ್ಯಾರಿಸ್‌ನವರು ನೂರು ವರ್ಷದ ಹಿಂದೆಯೇ ಕಂಡುಕೊಂಡಿದ್ದನ್ನು ನಾವಿಬ್ಬರು ಬರಿಗಾಲಲ್ಲಿ ನಿಂತು ಕಂಡುಕೊಂಡೆವು.

ಪ್ರಶ್ನೆ: ನಾನು ಎಲೆಕ್ಟ್ರಾನಿಕ್ಸ್ ಓದುತ್ತಿದ್ದೇನೆ. ಕಾರ್ಬನ್, ಕಂಡೆನ್ಸರ್, ರಿಬ್ಬನ್. ಆ ಕಾಲದ ಒಪೆರಾಗೆ ಯಾವುದು ಒಳ್ಳೆಯದು?
— ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ನನ್ನನ್ನು ಕೇಳಿದರೆ ರಿಬ್ಬನ್, ತಮ್ಮಾ. ಆದರೆ ಕಾರ್ಬನ್ನನ್ನು ಕೀಳಾಗಿ ನೋಡಬೇಡ.

ಕಾರ್ಬನ್ ಮೈಕಿನಲ್ಲಿ ಇದ್ದಿಲಿನ ಸಣ್ಣ ಹರಳುಗಳ ಮೂಲಕ ಬ್ಯಾಟರಿಯ ಕರೆಂಟ್ ಹರಿಯುತ್ತದೆ. ಸದ್ದು ಪೊರೆಯನ್ನು ಒತ್ತಿದರೆ ಹರಳು ಬಿಗಿಯಾಗುತ್ತವೆ, ಕರೆಂಟ್ ಏರುತ್ತದೆ. ಬಂದ ಸದ್ದಿಗಿಂತ ಎಷ್ಟೋ ದೊಡ್ಡ ಸಂಕೇತ ಅದರಿಂದಲೇ ಹೊರಡುತ್ತದೆ. ಆಂಪ್ಲಿಫೈಯರ್ ಇಲ್ಲದ ಕಾಲಕ್ಕೆ ಅದು ದೇವರು ಕೊಟ್ಟ ಹಾಗೆ. ತೊಂದರೆ ಏನು ಅಂದರೆ, ಹರಳುಗಳು ಒಂದನ್ನೊಂದು ಮುಟ್ಟುವ ಜಾಗ ಸದಾ ಕದಲುತ್ತಿರುತ್ತದೆ, ಅದಕ್ಕೇ ಆ ನಿಲ್ಲದ ಸುಯ್ ಸದ್ದು. ಹರಳು ಒಟ್ಟಿಗೆ ಕೂತುಬಿಟ್ಟರೆ ದನಿ ಮಂಕು. ಅವಲಕ್ಕಿ ಡಬ್ಬ ತಟ್ಟುವ ಹಾಗೆ ತಟ್ಟಿ ಬಿಡಿಸಬೇಕು. ಜೋರಾಗಿ ಹಾಡಿದರೆ ಒಡೆಯುತ್ತದೆ. ಜರ್ಮನಿಯಲ್ಲಿ ಯೂಜೆನ್ ರೈಸ್ ಅವರ ಹತ್ತಿರ ಕೆಲಸ ಮಾಡುತ್ತಿದ್ದ ಗೇಯೊರ್ಗ್ ನಾಯ್‌ಮನ್ ಇದನ್ನು ಅಮೃತಶಿಲೆಯ ದಿಮ್ಮಿಯೊಳಗೆ ಕೂರಿಸಿ, ಇದ್ದಿಲ ಪುಡಿಯನ್ನು ಅಗಲಕ್ಕೆ ಹರಡಿ, ದನಿಯನ್ನು ತುಂಬಾ ಸುಧಾರಿಸಿದರು. ಅದೇ ಹೊತ್ತಿಗೆ ಬಿಬಿಸಿಯವರು ಬಳಸಿದ್ದು ಮಾರ್ಕೋನಿ-ಸೈಕ್ಸ್ ಮೈಕು. ಅದರೊಳಗೆ ಒಂದು ಸುರುಳಿ ತಂತಿ, ವ್ಯಾಸಲೀನ್ ಸವರಿದ ಹತ್ತಿಯ ಮೇಲೆ ಕೂತಿರುತ್ತಿತ್ತು. ಹೌದು, ವ್ಯಾಸಲೀನ್!

ಕಂಡೆನ್ಸರ್ ಮೈಕು 1916ರದ್ದು, ವೆಸ್ಟರ್ನ್ ಎಲೆಕ್ಟ್ರಿಕ್‌ನ ಇ. ಸಿ. ವೆಂಟೆ ಮಾಡಿದ್ದು. ದನಿ ಸ್ವಚ್ಛ. ಆದರೆ ಸಂಕೇತ ತೀರಾ ಸಣ್ಣದು, ಆಂಪ್ಲಿಫೈಯರನ್ನು ಪಕ್ಕದಲ್ಲೇ ಹೊತ್ತುಕೊಂಡಿರಬೇಕು. ತೇವ ಕಂಡರೆ ಚಿಟಪಟ ಅನ್ನುತ್ತದೆ. ಮಳೆಗಾಲದ ಮಲೆನಾಡಿನವನು ನೀನು, ಆ ತೇವ ಎಂಥದ್ದು ಅಂತ ನಿನಗೆ ಹೇಳಬೇಕಾಗಿಲ್ಲ.

ರಿಬ್ಬನ್ 1930ರ ದಶಕದ ಶುರುವಿನಲ್ಲಿ ಬಂತು. ಅಮೆರಿಕದ ಆರ್‌ಸಿಎ ಕಂಪನಿಯ ಹ್ಯಾರಿ ಓಲ್ಸನ್ ಮಾಡಿದ್ದು. ಅಯಸ್ಕಾಂತದ ನಡುವೆ ನೆರಿಗೆ ಹಿಡಿದ ಅಲ್ಯೂಮಿನಿಯಂ ಪಟ್ಟಿ, ಕೂದಲಿಗಿಂತ ಎಷ್ಟೋ ತೆಳು. ಗಾಳಿ ಊದಿದರೆ ಹಾಳು. ಆದರೆ ಅದು ಮುಂದೆ, ಹಿಂದೆ ಮಾತ್ರ ಕೇಳುತ್ತದೆ, ಎರಡು ಪಕ್ಕಕ್ಕೆ ಕಿವುಡು. ಒಪೆರಾಗೆ ಬೇಕಾದದ್ದೇ ಆ ಕಿವುಡುತನ! ಜೋರಾದ ತುತ್ತೂರಿ ಕಡೆಗೆ ಮೈಕಿನ ಪಕ್ಕ ತಿರುಗಿಸಿದರೆ ತುತ್ತೂರಿ ತಗ್ಗುತ್ತದೆ, ಗಾಯಕ ಉಳಿಯುತ್ತಾನೆ. ನಾನು ಕೆಲಸಕ್ಕೆ ಸೇರಿದಾಗಲೂ ಅಂಥದ್ದೊಂದು ಮೈಕು ನಮ್ಮಲ್ಲಿತ್ತು. ಎತ್ತಿದರೆ ಸೇರುಕಲ್ಲಿನಷ್ಟು ತೂಕ. ಹೆಂಗಸರ ತಾರಸ್ಥಾಯಿ ಅದರಲ್ಲಿ ಒಂದಿಷ್ಟೂ ಚುಚ್ಚುತ್ತಿರಲಿಲ್ಲ. ಆ ದನಿ ಇನ್ನೂ ನನ್ನ ಕಿವಿಯಲ್ಲಿದೆ.

ಪ್ರಶ್ನೆ: ಅಷ್ಟು ಸಣ್ಣ ರೇಡಿಯೋದಲ್ಲಿ, ಅಷ್ಟೊಂದು ವಾದ್ಯಗಳ ನಡುವೆ ಒಬ್ಬರ ದನಿ ಎದ್ದು ಕೇಳುತ್ತಿದ್ದುದು ಹೇಗೆ?
— ಸಂಗೀತ ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ಒಳ್ಳೇ ಪ್ರಶ್ನೆ ಕೇಳಿದ್ದೀಯಮ್ಮಾ. ಆಗ ಅಮೆರಿಕದಲ್ಲಿ ಊರಿಂದೂರಿಗೆ ಕಾರ್ಯಕ್ರಮ ಒಯ್ಯುತ್ತಿದ್ದದ್ದು ಟೆಲಿಫೋನ್ ಕಂಪನಿಯ ತಂತಿ. ಅದು ಸುಮಾರು 100ರಿಂದ 5000 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ತನಕ ಮಾತ್ರ ದಾಟಿಸುತ್ತಿತ್ತು. ಡಬಲ್ ಬಾಸ್ ಅನ್ನುವ ದೊಡ್ಡ ಪಿಟೀಲಿನ ಬುಡ ಹೋಯಿತು, ಕಂಚಿನ ತಾಳದ ತುದಿ ಹೋಯಿತು. ಆದರೆ ಒಪೆರಾಗೆ ಪಳಗಿದ ಗಂಡಸಿನ ಕಂಠದಲ್ಲಿ 3000 ಹರ್ಟ್ಸ್ ಆಸುಪಾಸಿನಲ್ಲಿ ಒಂದು ವಿಶೇಷ ಕಾಂತಿ ಇರುತ್ತದೆ. ವಾದ್ಯಮೇಳದ ಬಲ ಹೆಚ್ಚಾಗಿ 500 ಹರ್ಟ್ಸ್ ಹತ್ತಿರ, ಅಲ್ಲಿಂದ ಮೇಲೆ ಅದು ಇಳಿಯುತ್ತಾ ಹೋಗುತ್ತದೆ. ಹಾಗಾಗಿ 3000ದ ಹತ್ತಿರ ಗಾಯಕನಿಗೆ ಖಾಲಿ ದಾರಿ. ಈ ದಾರಿ ಆ ತಂತಿಯೊಳಗೇ ಬರುತ್ತದೆ, ನಮ್ಮ ಕಿವಿ ಜಾಸ್ತಿ ಚುರುಕಾಗಿರುವುದೂ ಅಲ್ಲೇ. ಮೈಕಿಲ್ಲದೆ ಗ್ಯಾಲರಿ ಮುಟ್ಟೋಕೆ ಅಂತ ಸಾಧನೆ ಮಾಡಿ ಪಡೆದ ಗುಣ, ಮೈಕು ಬಂದ ಮೇಲೆ ತಂತಿಯಲ್ಲೂ ಕಾಪಾಡಿತು. ಹೆಂಗಸರ ತಾರಸ್ಥಾಯಿಯ ವಿಷಯ ಬೇರೆ. ಅಲ್ಲಿ ಸ್ವರವೇ ಮೇಲಿರುವುದರಿಂದ ಅದು ಹಾಗೇ ಎದ್ದು ಬರುತ್ತದೆ.

ಪ್ರಶ್ನೆ: ಹಳೇ ಪ್ರಸಾರದ ಗದ್ದಲವನ್ನು ಕಂಪ್ಯೂಟರಿನಲ್ಲಿ ಪೂರ್ತಿ ತೆಗೆಯಬಹುದೇ?
— ಓದುಗರು, ಉಡುಪಿ

ಉತ್ತರ: ತೆಗೆಯಬಹುದು, ತೆಗೆಯಬೇಡಿ. ಸುಯ್ ಸದ್ದನ್ನು ಪೂರ್ತಿ ಒರೆಸಿದರೆ ಅದರ ಜೊತೆ ‘ಸ’, ‘ಶ’ ಅಕ್ಷರಗಳೂ, ಸಭಾಂಗಣದ ಉಸಿರೂ ಹೋಗುತ್ತವೆ. ಚಟ್ ಚಟ್ ಅನ್ನುವುದನ್ನು ಮಾತ್ರ ತೆಗೆದು, ಉಳಿದದ್ದನ್ನು ಸ್ವಲ್ಪ ತಗ್ಗಿಸಿ ಸಾಕು. ಮೂಲದ ಒಂದು ಪ್ರತಿ ಮುಟ್ಟದೇ ಇಡಿ.

ಅದಕ್ಕಿಂತ ಮೊದಲು ವೇಗ ನೋಡಿ. ಡಿಸ್ಕ್ ಗೀರಿದ ಯಂತ್ರದ ಓಟ ಎಲ್ಲ ಸಲ ಸರಿ ಇರುತ್ತಿರಲಿಲ್ಲ. ಅಮೆರಿಕದ ಮನೆ ಕರೆಂಟ್ 60 ಹರ್ಟ್ಸಿನದು. ಅದರ ಗುಂಯ್ ಸದ್ದು ಎಷ್ಟೋ ಮುದ್ರಣಗಳ ತಳದಲ್ಲಿ ಕೂತಿರುತ್ತದೆ. ಕಂಪ್ಯೂಟರಿನಲ್ಲಿ ಅಳೆದಾಗ ಆ ಸದ್ದು 58 ತೋರಿಸಿದರೆ ನಿಮ್ಮ ಪ್ರತಿಯಲ್ಲಿ ತಟ್ಟೆ ಗೀರಿದ ವೇಗಕ್ಕಿಂತ ನಿಧಾನವಾಗಿ ಓಡಿದೆ, ಶ್ರುತಿ ಅರ್ಧ ಸ್ವರದ ಅರ್ಧಕ್ಕಿಂತ ಜಾಸ್ತಿ ಇಳಿದಿದೆ ಅಂತ ಲೆಕ್ಕ. ಸರಿಯಾಗಿ 50 ತೋರಿಸಿದರೆ ಅದು ನಮ್ಮ ಕಡೆ ಕರೆಂಟಿನಿಂದ ಆಮೇಲೆ ಸೇರಿದ್ದಿರಬಹುದು, ಅದನ್ನು ನಂಬಬೇಡಿ. ಹಳೆಯ ಗುಂಯ್ ಸದ್ದು 60ಕ್ಕೆ ಬರುವ ತನಕ ವೇಗ ಏರಿಸಿ, ಆಮೇಲೆ ಕಣ್ಣು ಮುಚ್ಚಿ ಕೇಳಿ.